ಕೆಮ್ಮಿನ ಸಿರಪ್ ಮತ್ತು ಖಿನ್ನತೆಯ ಮಾತ್ರೆ: ಎರಡೂ ಒಟ್ಟಿಗೆ ಬೇಡ

ನಿಮ್ಮ ತಮ್ಮ ಕೆಮ್ಮು ವಾಸಿಯಾದ ಮೇಲೂ ಡೆಕ್ಸ್ಟ್ರೊಮೆಥಾರ್ಫಾನ್ ಸಿರಪ್ ಕುಡಿಯುತ್ತಿದ್ದಾನೆ, ಖಿನ್ನತೆಗೆ ಸರ್ಟ್ರಲೀನ್ ಕೂಡ ತೆಗೆದುಕೊಳ್ಳುತ್ತಾನೆ, ಅಪಾಯವಾ ಅಂತ ಕೇಳಿದ್ದೀರಿ. ಹೌದು, ಅಪಾಯವೇ. ನನಗೆ ಹೆಚ್ಚು ಭಯ ಆಗುತ್ತಿರುವುದು ಆ ಮಾತ್ರೆಯ ವಿಷಯ ಕೇಳಿ.

ಸಿರಪ್‌ನಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್ ಮೆದುಳಿನಲ್ಲಿ ಕೆಮ್ಮನ್ನು ಎಬ್ಬಿಸುವ ಭಾಗವನ್ನು ಶಾಂತ ಮಾಡುತ್ತದೆ. ಒಣ ಕೆಮ್ಮಿಗೆ, ಕೆಲವು ದಿನದ ಮಟ್ಟಿಗೆ ಸರಿ. ಕಫ ಬರುವ ಕೆಮ್ಮನ್ನು ಸುಮ್ನೆ ಅದುಮಬಾರದು. ಸಾಮಾನ್ಯವಾಗಿ ದೊಡ್ಡವರಿಗೆ ದಿನದ ಮಿತಿ 120 ಮಿಲಿಗ್ರಾಂ. ಅದನ್ನು ತುಂಬಾ ಮೀರಿದರೆ ಕೆಟಮೈನ್ ಎಂಬ ಅರಿವಳಿಕೆ ಔಷಧಿಯ ಥರ ಕೆಲಸ ಮಾಡುತ್ತದೆ: ಭ್ರಮೆ, ಓಲಾಟ, ಏರುವ ರಕ್ತದೊತ್ತಡ. ಕೆಲವರ ಯಕೃತ್ತು ಇದನ್ನು ಬಹಳ ನಿಧಾನವಾಗಿ ಒಡೆಯುತ್ತದೆ, ಅವರಿಗೆ ಕಡಿಮೆ ಪ್ರಮಾಣವೂ ಜಾಸ್ತಿಯಾಗಬಹುದು. ಸರ್ಟ್ರಲೀನ್ ಕೂಡ ಹಾಗೆ ನಿಧಾನ ಮಾಡಬಲ್ಲದು.

ಜೊತೆಗೆ ಎರಡೂ ಮೆದುಳಿನಲ್ಲಿ ಸೆರೊಟೋನಿನ್ ಎಂಬ, ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುತ್ತವೆ. ಅದು ಮಿತಿಮೀರಿದರೆ ಜೀವಕ್ಕೇ ಕುತ್ತು. ಜ್ವರ, ವಿಪರೀತ ಬೆವರು, ನಡುಕ, ಬಿಗಿಯಾದ ಕೈಕಾಲು, ಗೊಂದಲ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಾಟಲಿಯ ಲೇಬಲ್ ನೋಡಿ. ಪ್ಯಾರಾಸಿಟಮಾಲ್ ಸೇರಿದ್ದರೆ, ಜಾಸ್ತಿ ಕುಡಿದಾಗ ಯಕೃತ್ತಿಗೂ ಪೆಟ್ಟು. ಮೊದಲಿಗೆ ಏನೂ ಅನಿಸದೇ ಇರಬಹುದು, ಆದರೂ ರಕ್ತಪರೀಕ್ಷೆ ಬೇಕು.

ಸರ್ಟ್ರಲೀನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಸಿರಪ್ ನಿಲ್ಲಿಸಲಿ. ಸರ್ಟ್ರಲೀನ್ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಸಿರಪ್ ಎಷ್ಟು ಕುಡಿಯುತ್ತಾನೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ತಮ್ಮನನ್ನು ಬೈಯಬೇಡಿ. ಬೈದರೆ ಕದ್ದು ಕುಡಿಯುತ್ತಾನೆ, ಆಗ ನಿಮಗೆ ಲೆಕ್ಕವೇ ಸಿಗುವುದಿಲ್ಲ.