300 ಕುರಿ ಟ್ಯಾಗಿಗೆ ಎಷ್ಟು ದೊಡ್ಡ ಸರ್ವರ್ ಬೇಕು?

ಶರಣು ಅಣ್ಣ. ಯಾದಗಿರಿ ಕಡೆ ನಿಮ್ಮ 300 ಕುರಿಗೆ ಜಿಪಿಎಸ್ ಇರುವ ಲೋರಾ (ಕಡಿಮೆ ಬ್ಯಾಟರಿಯಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೊ) ಟ್ಯಾಗ್ ಹಾಕಬೇಕು, ಅಂಗಡಿಯವರು 64 ಜಿಬಿ ರ‍್ಯಾಮ್‌ನ ಸರ್ವರ್ ಬೇಕೇ ಬೇಕು ಅಂದಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಈಗಲೇ ಅಡ್ವಾನ್ಸ್ ಕೊಡಬೇಡಿ.

ಕುರಿ ಎಣಿಸಬೇಡಿ, ಸಂದೇಶ ಎಣಿಸಿ. ಟ್ಯಾಗ್ 10 ನಿಮಿಷಕ್ಕೊಮ್ಮೆ ಕಳಿಸಿದರೆ ದಿನಕ್ಕೆ 144. 300 ಟ್ಯಾಗಿಗೆ 43,200. ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಅದು ಎರಡು ಸೆಕೆಂಡಿಗೆ ಒಂದು ಸಂದೇಶ ಅಷ್ಟೇ. ಒಂದೊಂದಕ್ಕೆ ಧಾರಾಳವಾಗಿ 500 ಬೈಟ್ ಹಿಡಿದರೂ ದಿನಕ್ಕೆ ಸುಮಾರು 22 ಎಂಬಿ, ವರ್ಷಕ್ಕೆ 8 ಜಿಬಿ. ಇದಕ್ಕೆ 4 ಜಿಬಿ ರ‍್ಯಾಮ್‌ನ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಸಾಕು. ಟ್ಯಾಗ್‌ಗಳ ಸಂದೇಶ ನೋಡಿಕೊಳ್ಳುವ ಚಿರ್ಪ್‌ಸ್ಟ್ಯಾಕ್ ಅನ್ನುವ ಉಚಿತ ಸಾಫ್ಟ್‌ವೇರ್ ಅದರಲ್ಲೇ ಓಡುತ್ತದೆ.

ಅಂಗಡಿಯವರು ಹೇಳಿದ್ದು ವೈಫೈ ಲೆಕ್ಕ ಇರಬೇಕು. ದೊಡ್ಡ ಕ್ಯಾಂಪಸ್‌ಗಳಲ್ಲಿ ಒಂದು ಮೊಬೈಲಿನ ಸಿಗ್ನಲ್ ಮೂರ್ನಾಲ್ಕು ಆಕ್ಸೆಸ್ ಪಾಯಿಂಟಿಗೆ (ವೈಫೈ ಕೊಡುವ ಪೆಟ್ಟಿಗೆ) ಎಷ್ಟು ಜೋರಾಗಿ ಮುಟ್ಟಿತು ಅಂತ ನೋಡಿ, ಅದು ಎಲ್ಲಿದೆ ಅಂತ ಸರ್ವರೇ ಲೆಕ್ಕ ಹಾಕುತ್ತದೆ. ಮೊಬೈಲ್ ಸಾವಿರಾರು ಇದ್ದರೆ ರ‍್ಯಾಮ್, ಪ್ರೊಸೆಸರ್ ಎರಡೂ ಬೇಕು. ನಿಮ್ಮಲ್ಲಿ ಟ್ಯಾಗೇ ಜಿಪಿಎಸ್‌ನಿಂದ ತಾನೆಲ್ಲಿದೆ ಅಂತ ತಿಳಿದು ಕಳಿಸುತ್ತದೆ. ಸರ್ವರ್ ಬರೆದಿಟ್ಟುಕೊಂಡರೆ ಆಯ್ತು.

ನಿಮಿಷಕ್ಕೊಮ್ಮೆ ಬೇಕು ಅನ್ನಬೇಡಿ. ವರ್ಷಕ್ಕೆ 80 ಜಿಬಿ ಆಗುತ್ತದೆ. ಅದು ದೊಡ್ಡ ವಿಷಯವಲ್ಲ, ತೊಂದರೆ ಗಾಳಿಯಲ್ಲಿ. ದೂರದ ಟ್ಯಾಗ್ ಅತಿ ನಿಧಾನದ ವೇಗದಲ್ಲಿ ಕಳಿಸುವಾಗ ಒಂದು ಸಂದೇಶಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಹುದು. ಒಂದರ ಮೇಲೊಂದು ಬಿದ್ದು ಸಂದೇಶ ಕಳೆದುಹೋಗುತ್ತವೆ. ಟ್ಯಾಗಿನ ಬ್ಯಾಟರಿಯೂ ಬೇಗ ಇಳಿಯುತ್ತದೆ.

ಉಳಿದ ದುಡ್ಡನ್ನು ಡಿಸ್ಕ್ ಮತ್ತು ಕರೆಂಟಿಗೆ ಹಾಕಿ. ನಾನು ಮೊದಲು ಮೆಮೊರಿ ಕಾರ್ಡಿನಲ್ಲೇ ಡೇಟಾಬೇಸ್ ಇಟ್ಟಿದ್ದೆ. ಒಂದು ರಾತ್ರಿ ಕರೆಂಟ್ ಹೋಗಿ ಬಂತು, ಬೆಳಿಗ್ಗೆ ಕಾರ್ಡ್ ಸತ್ತಿತ್ತು. ನಾಲ್ಕು ತಿಂಗಳ ಮೇವಿನ ದಾರಿಯ ದಾಖಲೆಯೆಲ್ಲ ಹೋಯಿತು. ಇವತ್ತಿಗೂ ಆ ಬೇಜಾರು ಹೋಗಿಲ್ಲ. ಹಾಗಾಗಿ 256 ಜಿಬಿ ಎಸ್‌ಎಸ್‌ಡಿ, ಒಂದು ಸಣ್ಣ ಯುಪಿಎಸ್, ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಕಾಪಿ. ಇಷ್ಟು ಬಿಡಲೇಬೇಡಿ. ತಗಡಿನ ಶೆಡ್‌ನಲ್ಲಿ ಮಾತ್ರ ಇಡಬೇಡಿ. ನಮ್ಮ ಕಡೆ ಬೇಸಿಗೆ 42 ಡಿಗ್ರಿ ದಾಟುತ್ತದೆ, ಪೈ ಚಿಪ್ 80ರ ಹತ್ತಿರ ಹೋದರೆ ತಾನೇ ನಿಧಾನ ಆಗುತ್ತದೆ.

ಟ್ಯಾಗ್, ಗೇಟ್‌ವೇ (ಟ್ಯಾಗ್‌ಗಳ ಸಂದೇಶ ಹಿಡಿದು ಸರ್ವರಿಗೆ ದಾಟಿಸುವ ಪೆಟ್ಟಿಗೆ) ಎರಡೂ 865–867 ಮೆಗಾಹರ್ಟ್ಸ್‌ನವೇ ಇರಲಿ, ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ ಅದು.

ಹಿಂಡು ಹೇಗೂ ಒಟ್ಟಿಗೇ ನಡೆಯುತ್ತದೆ. ಕಳ್ಳತನದ ಭಯ ಇಲ್ಲದಿದ್ದರೆ ಮುಂದೆ ನಡೆಯುವ ಟಗರು, ಹಿಂದೆ ಬೀಳುವ ಕುರಿ ಅಂತ 20ಕ್ಕೆ ಹಾಕಿ ಒಂದು ತಿಂಗಳು ನೋಡಿ. ಗುಡ್ಡದ ಆಚೆ ಎಲ್ಲಿ ಸಿಗ್ನಲ್ ತಪ್ಪುತ್ತದೆ ಅಂತ ಬರೆದು ಹಾಕಿ, ಗೇಟ್‌ವೇ ಎಲ್ಲಿ ಕಟ್ಟಬೇಕು ಅಂತ ಕೂತು ನೋಡೋಣ.