ಶನಿವಾರ ರಾತ್ರಿಯ ಹೊಟ್ಟೆನೋವು, ಭಾನುವಾರದ ಬೆಟ್ಟ: ಒಂದು ಆಪ್ತಸಲಹೆ ಪ್ರಕರಣ

ಮೈಸೂರಿನ ಈ ದಂಪತಿ ಆಪ್ತಸಲಹೆಗೆ ಬಂದದ್ದು ಆರು ವರ್ಷದ ಮಗನ ಹೊಟ್ಟೆನೋವಿನ ದೂರಿನೊಂದಿಗೆ. ಅವರ ಒಪ್ಪಿಗೆ ಪಡೆದು, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿ ಅಥವಾ ಕೈಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನೋವು ಶನಿವಾರ ರಾತ್ರಿ ಊಟದ ಹೊತ್ತಿಗೆ ಶುರುವಾಗಿ ಭಾನುವಾರ ಮಧ್ಯಾಹ್ನದೊಳಗೆ ತಾನಾಗಿಯೇ ಇಲ್ಲವಾಗುತ್ತಿತ್ತು. ಮಕ್ಕಳ ವೈದ್ಯರು ಪರೀಕ್ಷಿಸಿ, ದೈಹಿಕ ಕಾರಣವೇನೂ ಕಾಣುತ್ತಿಲ್ಲವೆಂದು ತಿಳಿಸಿದ್ದರು. ಮಕ್ಕಳ ಇಂಥ ನೋವನ್ನು ನಾಟಕವೆಂದು ತಳ್ಳಿಹಾಕುವುದು ನಮ್ಮ ಮನೆಗಳಲ್ಲಿ ರೂಢಿ. ಆದರೆ ಆತಂಕಗೊಂಡ ಮಗುವಿನ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಆತಂಕ ಎಂಬುದನ್ನು ಮಾತಿನಲ್ಲಿ ಹೇಳಲು ಬಾರದ ವಯಸ್ಸಿನಲ್ಲಿ ದೇಹವೇ ಅದನ್ನು ಹೇಳುತ್ತದೆ. ಶಾಲೆಯ ಭಯವಿದ್ದಿದ್ದರೆ ನೋವು ಭಾನುವಾರ ರಾತ್ರಿ ಬರಬೇಕಿತ್ತು. ಈ ಹುಡುಗನಾದರೋ ಸೋಮವಾರ ಬೆಳಿಗ್ಗೆ ನಗುನಗುತ್ತಲೇ ಶಾಲೆಯ ವ್ಯಾನ್ ಹತ್ತುತ್ತಿದ್ದ. ಹಾಗಾಗಿ ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದೇ ನನ್ನ ಮೊದಲ ಪ್ರಶ್ನೆಯಾಯಿತು.

ಭಾನುವಾರ ಬೆಳಿಗ್ಗೆ ಅವರೆಲ್ಲರೂ ಚಾಮುಂಡಿ ಬೆಟ್ಟ ಹತ್ತಲು ಹೋಗುತ್ತಿದ್ದರು. ತಂದೆ ಓಟದ ಅಭ್ಯಾಸವುಳ್ಳವರು. ದಿನದ ಹೆಜ್ಜೆಗಳನ್ನು ಕೈಗಡಿಯಾರದಲ್ಲಿ ಎಣಿಸುವವರು. ತಮ್ಮ ಬಾಲ್ಯದಲ್ಲಿ ಅಪ್ಪ ತಮ್ಮನ್ನು ಎಲ್ಲಿಗೂ ಕರೆದೊಯ್ದಿರಲಿಲ್ಲ, ತಮ್ಮ ಮಕ್ಕಳಿಗೆ ಹಾಗಾಗಬಾರದು ಎಂದು ಅವರು ಹೇಳಿದಾಗ ಅದರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿರಲಿಲ್ಲ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅಂದರೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಆ ಸಾವಿರ ಮೆಟ್ಟಿಲುಗಳನ್ನು ಮಗ ಒಮ್ಮೆಯಾದರೂ ಪೂರ್ತಿ ಹತ್ತಬೇಕೆಂಬುದು ಅವರ ಆಸೆ. ನಡೆಯುತ್ತಿದ್ದುದೇ ಬೇರೆ. ಮೂರು ವರ್ಷದ ಮಗಳು ಸ್ವಲ್ಪ ದೂರಕ್ಕೇ ಎತ್ತಿಕೊಳ್ಳೆಂದು ಅಳುತ್ತಿದ್ದಳು, ಮಗ ಕೂತುಬಿಡುತ್ತಿದ್ದ, ನಂದಿಯ ವಿಗ್ರಹ ಕಾಣುವ ಮೊದಲೇ ಎಲ್ಲರೂ ಮುಖ ಊದಿಸಿಕೊಂಡು ಇಳಿಯುತ್ತಿದ್ದರು. ಇಳಿಯುವಾಗ ತಂದೆ ಆಡುತ್ತಿದ್ದ ಒಂದು ಮಾತನ್ನು ತಾಯಿ ನನಗೆ ಹೇಳಿದರು: ‘ನಿನ್ನಿಂದಾಗಿ ಇವತ್ತೂ ಆಗಲಿಲ್ಲ.’

ತಾಯಿಯ ದೂರು ಬೇರೆಯೇ ಇತ್ತು. ಶನಿವಾರ ರಾತ್ರಿಯೇ ನೀರಿನ ಬಾಟಲಿ, ಬಟ್ಟೆ, ಟೋಪಿಗಳನ್ನು ಜೋಡಿಸಿಡುವುದು, ಬೆಳಗಿನ ಜಾವ ಎದ್ದು ತಿಂಡಿ ಮಾಡಿ ಡಬ್ಬಿಗೆ ತುಂಬುವುದು, ಬೆಟ್ಟದ ಮೇಲೆ ಮಗಳನ್ನು ಹೊರುವುದು, ಮನೆಗೆ ಬಂದ ಮೇಲೆ ‘ಮಕ್ಕಳ ಮುಖ ಬಾಡಿಹೋಗಿದೆ’ ಎಂಬ ಅತ್ತೆಯ ಆಕ್ಷೇಪ ಕೇಳುವುದು, ಇವೆಲ್ಲವೂ ಅವರ ಪಾಲಿನ ವಿಹಾರ. ವಾರಕ್ಕೊಂದು ರಜೆ, ಅದೂ ಹೀಗೆ ಕಳೆಯುತ್ತದೆ ಎಂದಾಗ ಗಂಡ ಅಚ್ಚರಿಯಿಂದ ಅವರ ಮುಖ ನೋಡಿದರು. ಹೊರಡುವ ಮೊದಲಿನ ಈ ಕೆಲಸಗಳು ಅವರ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಮುಂದಿನ ಭೇಟಿಯಲ್ಲಿ ಮೂವರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು, ಹಿಂದಿನ ಭಾನುವಾರದ ಬೆಟ್ಟದಲ್ಲಿ ನೆನಪಿರುವುದನ್ನು ಹೇಳಿ ಎಂದು ಕೇಳಿದೆ. ತಂದೆ ಹೊರಟ ಸಮಯ, ನಿಂತ ಮೆಟ್ಟಿಲು, ವ್ಯರ್ಥವಾದ ನಿಮಿಷಗಳನ್ನು ಹೇಳಿದರು. ತಾಯಿಗೆ ಭುಜದ ನೋವು ಮತ್ತು ಕೆಳಗೆ ಬಿದ್ದ ಡಬ್ಬಿ ನೆನಪಿತ್ತು. ಹುಡುಗ ಮಾತ್ರ ಬಹಳ ಹೊತ್ತು ಮಾತನಾಡಿದ. ಹರಕೆ ಹೊತ್ತ ಹೆಂಗಸೊಬ್ಬರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಡುತ್ತ ಹತ್ತುತ್ತಿದ್ದರಂತೆ. ಕುಂಕುಮ ಇಟ್ಟ ಮೆಟ್ಟಿಲಿನ ಮೇಲೆ ಇರುವೆಯೊಂದು ಬಂದು ಸುತ್ತು ಹಾಕಿ ಹೋಯಿತಂತೆ. ಅವರ ಹಿಂದೆಯೇ ಹೋಗಬೇಕೆಂದು ತನಗೆ ಆಸೆಯಿತ್ತಂತೆ, ಆದರೆ ಅಪ್ಪ ಮೇಲಿನಿಂದ ಕೂಗುತ್ತಿದ್ದರಂತೆ. ಕೋತಿಯೊಂದು ಯಾರದೋ ಬಾಳೆಹಣ್ಣು ಕಿತ್ತುಕೊಂಡದ್ದನ್ನು ನಟಿಸಿಯೂ ತೋರಿಸಿದ. ಸೋಮಾರಿ, ಮೊಬೈಲಿಗೆ ಅಂಟಿಕೊಂಡವನು ಎಂದು ಮನೆಯಲ್ಲಿ ಹೆಸರಾಗಿದ್ದ ಈ ಹುಡುಗನೇ ಬೆಟ್ಟವನ್ನು ಎಲ್ಲರಿಗಿಂತ ಹೆಚ್ಚು ನೋಡಿದ್ದ.

ಈ ಉತ್ತರಗಳನ್ನು ಅವನ ಅನುಮತಿಯೊಂದಿಗೆ ತಂದೆತಾಯಿಯ ಮುಂದಿಟ್ಟೆ. ಚಿಕ್ಕ ಮಕ್ಕಳು ಒಂದು ಸ್ಥಳವನ್ನು ತಲುಪುವುದಕ್ಕಾಗಿ ನಡೆಯುವುದಿಲ್ಲ. ದಾರಿಯಲ್ಲಿ ಕಣ್ಣಿಗೆ ಬಿದ್ದದ್ದೇ ಅವರಿಗೆ ತಲುಪಬೇಕಾದ ಸ್ಥಳ. ಕಲ್ಲು, ಎಲೆ, ಗೊದ್ದ, ಹರಿಯುವ ನೀರು ಇವು ಅವರನ್ನು ನಿಲ್ಲಿಸುವುದು ಅಡ್ಡಿಯಲ್ಲ, ಅವರು ಬಂದ ಕೆಲಸವೇ ಅದು. ದೊಡ್ಡವರಿಗೆ ವ್ಯಾಯಾಮ ಬೇಕಾಗಿರುತ್ತದೆ, ಅದು ತಪ್ಪಲ್ಲ. ಆದರೆ ತಂದೆಯ ವ್ಯಾಯಾಮವನ್ನೂ ಮಕ್ಕಳ ವಿಹಾರವನ್ನೂ ಒಂದೇ ನಡಿಗೆಗೆ ಹೂಡಿದರೆ, ಏರಿಗೆ ಎತ್ತು, ನೀರಿಗೆ ಕೋಣ ಎಳೆಯುವ ಬಂಡಿಯಂತೆ ಅದು ಎತ್ತಲೂ ಸಾಗುವುದಿಲ್ಲ. ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಮಕ್ಕಳ ಕುರಿತಾಗಿರಲಿಲ್ಲ. ತಂದೆಯು ವಾರದಲ್ಲಿ ಬೇರೊಂದು ದಿನ ಒಬ್ಬರೇ ಹೋಗಿ, ತಮಗೆ ಬೇಕಾದ ವೇಗದಲ್ಲಿ ಸಾವಿರ ಮೆಟ್ಟಿಲನ್ನೂ ಹತ್ತಿ ಬರಬೇಕು, ಅದಕ್ಕೆ ತಾಯಿಯ ಒಪ್ಪಿಗೆಯಿರಬೇಕು, ಅಷ್ಟೇ ಹೊತ್ತಿನ ಬಿಡುವು ತಾಯಿಗೂ ದೊರೆಯಬೇಕು ಎಂದು ಹೇಳಿದೆ.

ತಂದೆ ಆರೋಗ್ಯ ಸಂಸ್ಥೆಗಳ ಶಿಫಾರಸುಗಳನ್ನು ಓದಿಕೊಂಡೇ ಬಂದಿದ್ದರು. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ದೈಹಿಕ ಚಟುವಟಿಕೆಯಲ್ಲಿರಬೇಕು, ಅದರಲ್ಲಿ 60 ನಿಮಿಷವಾದರೂ ಸಾಧಾರಣದಿಂದ ತೀವ್ರ ಮಟ್ಟದ್ದಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಐದು ವರ್ಷ ದಾಟಿದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಾಹಿತಿ ಸರಿಯಾಗಿಯೇ ಇತ್ತು, ಆದರೆ ಅದನ್ನು ಅವರು ಭಾನುವಾರ ಒಂದೇ ಏರಿನಲ್ಲಿ ತೀರಿಸಬೇಕಾದ ಸಾಲವೆಂದು ತಿಳಿದಿದ್ದರು. ಆ 180 ನಿಮಿಷಗಳು ದಿನವಿಡೀ ಹರಡಿಕೊಂಡಿರುವಂಥವು. ಅಂಗಳದ ಕುಂಟೆಬಿಲ್ಲೆ, ಸಂಜೆಯ ಓಡಾಟ, ಅಂಗಡಿಗೆ ಅಜ್ಜಿಯೊಂದಿಗೆ ನಡೆದುಹೋಗುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಹುಡುಗನಿಗೆ ಕನ್ನಡಕ ಬರಬಹುದೆಂಬ ಹೆದರಿಕೆಯೂ ಅವರಿಗಿತ್ತು. ಹೊರಗಿನ ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಕಾಣಿಸಿಕೊಳ್ಳುವ ಸಂಭವ ಕಡಿಮೆ ಎಂಬುದು ನಿಜ. ಆದರೆ ಆ ಪ್ರಯೋಜನ ಕಣ್ಣಿಗೆ ಬೆಳಕಿನಿಂದ ಬರುವುದೇ ಹೊರತು ನಡೆದ ಕಿಲೋಮೀಟರುಗಳಿಂದಲ್ಲ, ಮರದಡಿ ಕೂತು ಮಣ್ಣಾಡಿದರೂ ಅದು ಸಿಗುತ್ತದೆ ಎಂದು ವಿವರಿಸಿದೆ.

ಎರಡನೆಯದಾಗಿ ಬೆಟ್ಟವನ್ನು ಕೆಲಕಾಲ ಬಿಡುವಂತೆ ಸೂಚಿಸಿದೆ. ಪ್ರತಿ ವಾರ ಹೊಸ ಜಾಗ ಹುಡುಕುವ ಬದಲು ಮನೆಗೆ ಹತ್ತಿರದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ಚಿಕ್ಕ ಮಕ್ಕಳಿಗೆ ಒಳ್ಳೆಯದು. ಪರಿಚಯದ ಜಾಗದಲ್ಲಿ ಅವರಿಗೆ ಧೈರ್ಯ ಬರುತ್ತದೆ, ಹಿಂದಿನ ವಾರ ಕಂಡದ್ದನ್ನು ಈ ವಾರ ಹುಡುಕುತ್ತಾರೆ. ಆ ಕುಟುಂಬಕ್ಕೆ ಕುಕ್ಕರಹಳ್ಳಿ ಕೆರೆ ಅನುಕೂಲವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಆ ಕೆರೆಯ ಸುತ್ತಲಿನ ದಾರಿ ಮಟ್ಟಸವಾಗಿದೆ, ನೆರಳಿದೆ, ಕೂರಲು ಬೆಂಚುಗಳಿವೆ. ಹೆಜ್ಜಾರ್ಲೆ, ನೀರುಕಾಗೆಗಳನ್ನು ಬರಿಗಣ್ಣಿನಲ್ಲೇ ನೋಡಬಹುದು. ಅಲ್ಲಿಯೂ ಕೆರೆಯನ್ನು ಪೂರ್ತಿ ಸುತ್ತುವ ಹಟ ಬೇಡವೆಂದು ಒತ್ತಿ ಹೇಳಬೇಕಾಯಿತು. ಎಲ್ಲಿ ನಿಲ್ಲಬೇಕು, ಎಲ್ಲಿಂದ ಹಿಂತಿರುಗಬೇಕು ಎಂಬುದನ್ನು ಮಗ ಒಂದು ವಾರ, ಮಗಳು ಒಂದು ವಾರ ನಿರ್ಧರಿಸಲಿ. ಮಕ್ಕಳು ದಣಿದು ಅಳುವ ತನಕ ಕಾಯದೆ, ಇನ್ನೂ ಉತ್ಸಾಹದಲ್ಲಿರುವಾಗಲೇ ಮನೆಯ ಕಡೆ ತಿರುಗಬೇಕು. ಹೋದಷ್ಟೇ ದೂರವನ್ನು ಆ ಪುಟ್ಟ ಕಾಲುಗಳು ಮರಳಿಯೂ ನಡೆಯಬೇಕು ಎಂಬುದು ದೊಡ್ಡವರಿಗೆ ಸುಲಭವಾಗಿ ಮರೆತುಹೋಗುತ್ತದೆ.

ಚೀಲದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತನಾಡಿದೆ. ವಿಹಾರದ ಆಸೆ ಯಾರದೋ ಸಿದ್ಧತೆಯೂ ಅವರದೇ ಆಗಿರಲಿ ಎಂದು ತಂದೆಗೆ ಹೇಳಿದೆ. ಮೂರು ವರ್ಷದ ಮಗುವಿಗೆ ಒಂದು ಜೊತೆ ಹೆಚ್ಚುವರಿ ಬಟ್ಟೆ, ಎಲ್ಲರಿಗೂ ಸಾಕಾಗುವಷ್ಟು ನೀರು, ಟೋಪಿ, ಗಾಯಕ್ಕೆ ಪಟ್ಟಿ, ತಿನ್ನಲು ಅವಲಕ್ಕಿಯೋ ಕಡಲೆಯೋ ಬಾಳೆಹಣ್ಣೋ, ಇಷ್ಟು ಸಾಕು. ಬೆಳಗಿನ ಜಾವ ಒಲೆ ಹಚ್ಚುವ ಅಗತ್ಯವಿಲ್ಲ. ಮಕ್ಕಳು ಬಾಯಾರಿಕೆಯನ್ನು ಆಟದಲ್ಲಿ ಮರೆಯುವುದರಿಂದ ಕೇಳುವ ಮೊದಲೇ ನೀರು ಕುಡಿಸುವ ಹೊಣೆಯೂ ಚೀಲ ಹೊತ್ತವರದೇ. ಕೆರೆಯಂಚಿನಲ್ಲಿ ಕಿರಿಯ ಮಗುವಿನ ಮೇಲೆ ಕಣ್ಣಿಡುವ ಸರದಿ ಯಾರದೆಂದು ಬಾಯಿಬಿಟ್ಟು ಮಾತಾಡಿಕೊಂಡಿರಬೇಕು. ಇಬ್ಬರೂ ನೋಡುತ್ತಿದ್ದಾರೆಂದು ಇಬ್ಬರೂ ತಿಳಿದಾಗ ಯಾರೂ ನೋಡುತ್ತಿರುವುದಿಲ್ಲ.

ಮೊದಲ ವಾರ ಮಗಳು ದಾರಿಯ ಬದಿಯ ಇರುವೆಗೂಡಿನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತವಳು ಏಳಲೇ ಇಲ್ಲವಂತೆ. ‘ನಾವು ನಡೆದದ್ದೇ ಇಲ್ಲ’ ಎಂದು ತಂದೆ ನನ್ನ ಬಳಿ ಬೇಸರಪಟ್ಟುಕೊಂಡರು. ಆ ಹೊತ್ತಿನಲ್ಲಿ ನೀವೇನು ಮಾಡಿದಿರಿ ಎಂದು ಕೇಳಿದಾಗ, ಅತ್ತಿತ್ತ ಶತಪಥ ಹಾಕುತ್ತಿದ್ದೆ ಎಂದರು. ಮುಂದಿನ ಸಲ ಅವಳ ಪಕ್ಕದಲ್ಲೇ ಕೂರಿ, ಏನನ್ನೂ ಕಲಿಸಲು ಹೋಗಬೇಡಿ, ಇರುವೆಯ ಬಗ್ಗೆ ಪಾಠ ಮಾಡಬೇಡಿ, ಅವಳು ಕೇಳಿದರೆ ಮಾತ್ರ ಉತ್ತರಿಸಿ ಎಂದೆ. ಈ ಸಲಹೆ ಅವರಿಗೆ ಬೆಟ್ಟ ಹತ್ತುವುದಕ್ಕಿಂತ ಕಷ್ಟವಾಯಿತೆಂದು ಆಮೇಲೆ ನಗುತ್ತ ಒಪ್ಪಿಕೊಂಡರು. ನನ್ನ ಅನುಭವದಲ್ಲಿ ಓದಿಕೊಂಡ ತಂದೆತಾಯಿಯರಿಗೇ ಇದು ಹೆಚ್ಚು ಕಷ್ಟ. ಮಗು ನೋಡುತ್ತಿರುವ ಪ್ರತಿಯೊಂದನ್ನೂ ಪರೀಕ್ಷೆಯ ಪ್ರಶ್ನೆಯಾಗಿ ಬದಲಾಯಿಸುವ ಚಪಲ ಅವರನ್ನು ಬಿಡುವುದಿಲ್ಲ.

ನಿರೀಕ್ಷಿಸದೆ ಒದಗಿದ ನೆರವು ಅಜ್ಜಿಯದು. ಬಿಸಿಲು, ಗಾಳಿ, ಹಾವು ಎಂದು ಅವರು ಆಡುತ್ತಿದ್ದ ಆಕ್ಷೇಪಗಳನ್ನು ಮಗ ಸೊಸೆ ಇಬ್ಬರೂ ಹಳೆಯ ಕಾಲದ ಮಾತೆಂದು ಬದಿಗಿರಿಸಿದ್ದರು. ನಾನು ಅವುಗಳನ್ನು ಹಾಗೆ ಬಿಡಲಿಲ್ಲ. ಬಿಸಿಲೇರುವ ಮೊದಲು ಮರಳಬೇಕೆಂಬ ಅವರ ಮಾತು ಸರಿಯಾಗಿತ್ತು. ಪೊದೆ, ಕಲ್ಲುಸಂದುಗಳಿಗೆ ಮಕ್ಕಳು ಕೈ ಹಾಕಬಾರದೆಂಬುದೂ ಸರಿ. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಮಾತ್ರ ನಾನು ಸೇರಿಸಿದೆ. ಅವರನ್ನೂ ಕೆರೆಗೆ ಕರೆದುಕೊಂಡು ಹೋಗಿ ಎಂದಾಗ ದಂಪತಿ ಮುಖಮುಖ ನೋಡಿಕೊಂಡರು. ಹಳ್ಳಿಯಲ್ಲಿ ಬೆಳೆದ ಆ ಅಜ್ಜಿಗೆ ಮೊಮ್ಮಗಳ ನಡಿಗೆಯ ವೇಗವೇ ಹೊಂದುತ್ತಿತ್ತು. ಇದು ಹೊಂಗೆ, ಇದರ ಬೀಜದಿಂದ ಎಣ್ಣೆ ತೆಗೆಯುತ್ತಿದ್ದರು. ಇದು ಅತ್ತಿ, ಹಣ್ಣು ಬಿಡಿಸಿದರೆ ಒಳಗೆ ಹುಳು ಎಂದು ಅವರು ತಮ್ಮ ಪಾಡಿಗೆ ಹೇಳಿಕೊಂಡು ಹೋಗುತ್ತಿದ್ದರೆ ಹುಡುಗ ಹಿಂದೆಯೇ ಇರುತ್ತಿದ್ದನಂತೆ.

ಶನಿವಾರದ ಹೊಟ್ಟೆನೋವು ಕ್ರಮೇಣ ಕಡಿಮೆಯಾಯಿತು, ಒಮ್ಮೆಲೇ ನಿಲ್ಲಲಿಲ್ಲ. ನಡುವೆ ಒಂದು ಶನಿವಾರ ಅದು ಮತ್ತೆ ಬಂದಾಗ ವಿಚಾರಿಸಿದರೆ, ಸಹೋದ್ಯೋಗಿಯೊಬ್ಬರ ಕುಟುಂಬವೂ ನಾಳೆ ಜೊತೆಗೆ ಬರುತ್ತದೆ, ಅವರ ಮಗ ಬೆಟ್ಟ ಹತ್ತಿದ್ದಾನೆ ಎಂದು ತಂದೆ ಊಟದ ಸಮಯದಲ್ಲಿ ಹೇಳಿದ್ದರು. ಹೋಲಿಕೆಯ ಒಂದು ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ತೋರಿಸಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. ತಂದೆ ಅಂದೇ ಮಗನೊಂದಿಗೆ ಕೂತು, ಹಿಂದೆ ‘ನಿನ್ನಿಂದಾಗಿ’ ಎಂದದ್ದು ತಪ್ಪಾಯಿತು ಎಂದು ನೇರವಾಗಿ ಹೇಳಿದರು. ಹುಡುಗ ಅದಕ್ಕೆ ಏನೂ ಉತ್ತರಿಸಲಿಲ್ಲವೆಂದು ಅವರಿಗೆ ಕೊಂಚ ನಿರಾಸೆ. ಆರು ವರ್ಷದವರು ಕ್ಷಮಿಸಿದ್ದೇನೆಂದು ಹೇಳುವುದಿಲ್ಲ, ಕಾದು ನೋಡುತ್ತಾರೆ ಎಂದಷ್ಟೇ ನಾನೆಂದೆ.

ಬೆಟ್ಟಕ್ಕೆ ಮರಳುವ ವಿಚಾರವನ್ನು ಎತ್ತಿದವನು ಹುಡುಗನೇ. ಕೆಳಗಿನಿಂದ ಹತ್ತುವ ಬದಲು ನಗರ ಸಾರಿಗೆ ಬಸ್ಸಿನಲ್ಲಿ ಮೇಲಕ್ಕೆ ಹೋಗಿ, ಅಲ್ಲಿಂದ ನಂದಿಯವರೆಗಿನ ಸುಮಾರು ಮುನ್ನೂರು ಮೆಟ್ಟಿಲು ಮಾತ್ರ ಇಳಿಯುವಂತೆ ಸೂಚಿಸಿದೆ. ನಂದಿಯ ಹತ್ತಿರಕ್ಕೆ ವಾಹನ ಬರುವ ರಸ್ತೆಯಿರುವುದರಿಂದ ಯಾರಿಗಾದರೂ ಸಾಕೆನಿಸಿದರೆ ಅಲ್ಲಿಗೇ ಮುಗಿಸಬಹುದು. ಕೋತಿಗಳಿಗೆ ಕಾಣುವಂತೆ ತಿಂಡಿ ಹಿಡಿಯಬಾರದು, ಆ ಬೆಟ್ಟದ ಕಾಡಿನಲ್ಲಿ ಚಿರತೆಗಳೂ ಇರುವುದರಿಂದ ನಸುಕಿನಲ್ಲಾಗಲಿ ಮುಸ್ಸಂಜೆಯಲ್ಲಾಗಲಿ ಮಕ್ಕಳೊಂದಿಗೆ ಮೆಟ್ಟಿಲ ದಾರಿ ಹಿಡಿಯಬಾರದು ಎಂದೂ ಹೇಳಿದೆ. ಒಂದೇ ಬಂಡೆಯಲ್ಲಿ ಕಡೆದ ಆ ನಂದಿಯ ಕೊರಳಿನ ಗಂಟೆಗಳನ್ನು ಮಗಳು ಎಣಿಸಲು ಹೊರಟು, ತನಗೆ ಬರುವ ಅಂಕಿಗಳು ಮುಗಿದ ಮೇಲೆ ಮೊದಲಿನಿಂದ ಶುರುಮಾಡಿದಳಂತೆ.

ತಾಯಿಯ ಬಿಡುವಿನ ಪ್ರಶ್ನೆ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಚೀಲ ಈಗ ತಂದೆಯ ಹೆಗಲಿಗೆ ಬಂದಿದೆ, ಆದರೆ ಅದರಲ್ಲಿ ಏನಿರಬೇಕೆಂದು ನೆನಪಿಸುವ ಕೆಲಸ ತಾಯಿಯ ಬಳಿಯೇ ಉಳಿದಿದೆ. ಈ ಬಗ್ಗೆ ದಂಪತಿ ಇಬ್ಬರೊಂದಿಗೂ ಭೇಟಿಗಳು ಮುಂದುವರಿಯುತ್ತಿವೆ. ಕಳೆದ ಭೇಟಿಯ ಕೊನೆಯಲ್ಲಿ ಅವರು ಕೇಳಿದ್ದು, ತಾಯಿಯ ತವರಾದ ಸಾಗರದ ಕಡೆಗೆ ಡಿಸೆಂಬರ್ ರಜೆಯಲ್ಲಿ ಹೋದಾಗ ಮಕ್ಕಳನ್ನು ಕಾಡಿನ ದಾರಿಯಲ್ಲಿ ನಡೆಸಬಹುದೇ ಎಂದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳ ಕಾಟ ಹೆಚ್ಚುವುದು ಡಿಸೆಂಬರಿನಿಂದ ಬೇಸಿಗೆಯವರೆಗಿನ ತಿಂಗಳುಗಳಲ್ಲಿಯೇ. ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಮೊದಲು ವಿಚಾರಿಸಿ, ಆ ಸುತ್ತಿನಲ್ಲಿ ಕಾಯಿಲೆಯಾಗಲಿ ಮಂಗಗಳ ಸಾವಾಗಲಿ ವರದಿಯಾಗಿದ್ದರೆ ಕಾಡಿನ ಕಡೆ ಹೋಗಲೇಬೇಡಿ. ಇಲ್ಲದಿದ್ದರೂ ಮೈತುಂಬ ಬಟ್ಟೆ ತೊಡಿಸಿ, ತರಗೆಲೆಯ ಮೇಲೆ ಕೂರಿಸದೆ, ಮನೆಗೆ ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಿಸಿ ಮೈಯನ್ನೆಲ್ಲ ಪರೀಕ್ಷಿಸಿ ಎಂದು ಹೇಳಿದೆ. ಅಡಿಕೆ ತೋಟದ ಕಾಲುವೆಯ ಬದಿಯೇ ಈ ರಜೆಗೆ ಸಾಕು, ಕಾಡು ಮಳೆಗಾಲದ ನಂತರದ ದಸರಾ ರಜೆಗಿರಲಿ ಎಂದು ಅವರೇ ತೀರ್ಮಾನಿಸಿ ಎದ್ದರು.