ಗೆಳೆಯನ ಮೊಬೈಲಿನಲ್ಲಿ ಇಂದಿನ ಆಟ, ನನ್ನದರಲ್ಲಿ ಮೊನ್ನೆಯದು: ರಿಫ್ರೆಶ್ ಮಾಡಿದರೂ ಏಕೆ ಬದಲಾಗುವುದಿಲ್ಲ?

ಉಡುಪಿಯಲ್ಲಿ ಕುಳಿತು ಯಕ್ಷಗಾನ ಮೇಳದ ಜಾಲತಾಣ ತೆರೆದರೆ ಮೊನ್ನೆ ಆಟವಾದ ಊರಿನ ಹೆಸರೇ ಕಾಣುತ್ತದೆ, ಪಕ್ಕದಲ್ಲಿರುವ ಗೆಳೆಯನಿಗೆ ಮಾತ್ರ ಇಂದಿನದು ಸರಿಯಾಗಿ ಬರುತ್ತದೆ ಎಂದಿದ್ದೀರಿ. ನಾನು ಮಂಗಳೂರಿನಲ್ಲಿ ಇಂತಹ ಸಣ್ಣ ಜಾಲತಾಣಗಳನ್ನು ನೋಡಿಕೊಳ್ಳುವವನು. ನಿಮ್ಮ ಮೊಬೈಲ್ ಕೆಟ್ಟಿಲ್ಲ.

ಮೊದಲು ಒಂದು ವಿಷಯ ಗಮನಿಸಿ: ಅಲ್ಲಿನ ಆಟಗಳ ಪಟ್ಟಿ ಅಕ್ಷರಗಳಲ್ಲಿದೆಯೇ, ಚಿತ್ರವಾಗಿದೆಯೇ? ನಮ್ಮ ಕಡೆ ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಓಡಾಡುವ ಪೋಸ್ಟರನ್ನೇ ದಿನವೂ ಅದೇ ಕಡತದ ಹೆಸರಿನಲ್ಲಿ ಏರಿಸಿಬಿಡುತ್ತಾರೆ. ಸರ್ವರ್, ಅಂದರೆ ಜಾಲತಾಣವನ್ನು ಇಟ್ಟಿರುವ ಕಂಪ್ಯೂಟರ್, ಚಿತ್ರವನ್ನು ಕೊಡುವಾಗ 'ಇದನ್ನು ಇಷ್ಟು ಕಾಲ ಇಟ್ಟುಕೊಳ್ಳಬಹುದು' ಎಂದು ಮ್ಯಾಕ್ಸ್-ಏಜ್ ಎಂಬ ಸೂಚನೆಯಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಹೇಳುತ್ತದೆ. 86400 ಎಂದರೆ ಒಂದು ದಿನ. ಚಿತ್ರಗಳಿಗೆ ತಿಂಗಳುಗಟ್ಟಲೆ ಅವಧಿ ಕೊಡುವುದೂ ಉಂಟು. ಅದು ಮುಗಿಯುವವರೆಗೆ ಬ್ರೌಸರ್ ಸರ್ವರನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ರಿಫ್ರೆಶ್ ಒತ್ತಿದರೂ ಉಪಯೋಗವಿಲ್ಲದಿರಬಹುದು. ಕ್ರೋಮ್‌ನವರು 2017ರ ಆರಂಭದಲ್ಲಿ ಪ್ರಕಟಿಸಿದ ಬದಲಾವಣೆಯ ಪ್ರಕಾರ, ಸಾಮಾನ್ಯ ರಿಫ್ರೆಶ್ ಮುಖ್ಯ ಪುಟವನ್ನು ಮಾತ್ರ ಸರ್ವರ್ ಬಳಿ ವಿಚಾರಿಸುತ್ತದೆ. ಒಳಗಿನ ಚಿತ್ರಗಳ ಅವಧಿ ಬಾಕಿ ಇದ್ದರೆ ಹಳೆಯವನ್ನೇ ತೋರಿಸುತ್ತದೆ. ಪುಟ ಹೊಸದು, ಪೋಸ್ಟರ್ ಮೊನ್ನೆಯದು. ಗೆಳೆಯ ಆ ಪುಟವನ್ನು ಇವತ್ತೇ ಮೊದಲ ಬಾರಿಗೆ ತೆರೆದಿರಬೇಕು.

ಸರ್ವರ್ ಅವಧಿಯನ್ನೇ ಹೇಳದಿದ್ದರೆ ಇನ್ನೂ ತಮಾಷೆ. ಆಗ ಬ್ರೌಸರ್ ತಾನೇ ಅಂದಾಜು ಕಟ್ಟುತ್ತದೆ: ಪುಟ ಕೊನೆಯದಾಗಿ ಬದಲಾಗಿ ಎಷ್ಟು ಕಾಲವಾಯಿತೋ ಅದರ ಸುಮಾರು ಹತ್ತನೇ ಒಂದು ಭಾಗ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ಊರೂರು ತಿರುಗಾಟ ಮುಗಿಸಿದ ಮೇಲೆ ಮಳೆಗಾಲವಿಡೀ ಪುಟವನ್ನು ಯಾರೂ ಮುಟ್ಟುವುದಿಲ್ಲ. ನವೆಂಬರ್ ಆರಂಭದಲ್ಲಿ, ಅಂದರೆ ಸುಮಾರು 160 ದಿನಗಳ ಬಳಿಕ, 'ತಿರುಗಾಟ ಶುರುವಾಯಿತೇ' ಎಂದು ನೀವು ಇಣುಕಿದರೆ ಆ ಲೆಕ್ಕದಲ್ಲಿ ಹಳೆಯ ಪುಟ 16 ದಿನ ಉಳಿದುಕೊಳ್ಳಬಹುದು. ಫೈರ್‌ಫಾಕ್ಸ್ ಇಂತಹ ಅಂದಾಜಿಗೆ ಒಂದು ವಾರದ ಮಿತಿ ಇಟ್ಟುಕೊಂಡಿದೆ. ಇಲ್ಲಿ ಮಾತ್ರ ಸಾಮಾನ್ಯ ರಿಫ್ರೆಶ್ ಸಾಕು.

ನೀವು ಮಾಡಬಹುದಾದದ್ದು: ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿದರೆ ಚಿತ್ರಸಮೇತ ಎಲ್ಲವೂ ಹೊಸದಾಗಿ ಬರುತ್ತದೆ. ಮೊಬೈಲಿನಲ್ಲಾದರೆ ಮೊದಲು ಅಜ್ಞಾತ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಸರಿ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಶ್ ಮಾಡಿಟ್ಟ, ಅಂದರೆ ಬ್ರೌಸರ್ ತನ್ನಲ್ಲೇ ಉಳಿಸಿಕೊಂಡ, ಚಿತ್ರ ಮತ್ತು ಕಡತಗಳನ್ನು ಮಾತ್ರ ಅಳಿಸಿ. ಕುಕೀಗಳನ್ನು ಮುಟ್ಟಬೇಡಿ, ಇಲ್ಲವಾದರೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಅಜ್ಞಾತ ಕಿಟಕಿಯಲ್ಲೂ ಹಳೆಯದೇ ಬಂದರೆ ಬಹುಶಃ ನಡುವಿನ ಯಾವುದೋ ಸರ್ವರ್ ಹಳೆಯ ಪ್ರತಿ ಹಿಡಿದುಕೊಂಡಿದೆ. ಅದಕ್ಕೆ ನಿಮ್ಮ ಕೈಯಲ್ಲಿ ಮದ್ದಿಲ್ಲ.

ಆದರೆ ಆಟ ನೋಡಲು ಹೊರಟವರು ಕ್ಯಾಶ್ ಅಳಿಸುತ್ತಾ ಕೂರಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ. ಜಾಲತಾಣ ನೋಡಿಕೊಳ್ಳುವವರಿಗೆ ಹೇಳಿ: ಪೋಸ್ಟರಿನ ಕಡತದ ಹೆಸರಿನಲ್ಲೇ ದಿನಾಂಕ ಸೇರಿಸಲಿ. ಹೆಸರು ಬದಲಾದರೆ ಬ್ರೌಸರಿಗೆ ಅದು ಬೇರೆಯೇ ಚಿತ್ರ, ತರಲೇಬೇಕು. ಪುಟಕ್ಕೆ ನೋ-ಕ್ಯಾಶ್ ಸೂಚನೆ ಹಾಕಲಿ. ಆಗ ಬ್ರೌಸರ್ ಪ್ರತಿಯನ್ನು ಇಟ್ಟುಕೊಂಡರೂ ತೋರಿಸುವ ಮುನ್ನ ಪ್ರತಿ ಸಲ ಕೇಳುತ್ತದೆ. ಬದಲಾಗಿರದಿದ್ದರೆ ಸರ್ವರ್ 304 ಎಂಬ ಪುಟ್ಟ ಉತ್ತರ ಕಳಿಸಿ ಸುಮ್ಮನಾಗುತ್ತದೆ, ಪುಟವನ್ನು ಮತ್ತೆ ಕಳಿಸುವುದಿಲ್ಲ. ಡೇಟಾ ಖರ್ಚಿನ ನೆಪ ಹೇಳಿದರೆ 304ರ ಈ ಸಾಲನ್ನು ಅವರಿಗೆ ತೋರಿಸಿ.